ಓಲೆಗರಿ, ಊಹೆ ಮತ್ತು ಯಂತ್ರ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಶಾಸನಗಳನ್ನು ಅಭ್ಯಸಿಸಬಯಸುವ ವಿದ್ಯಾರ್ಥಿಯು ಹಿಂದೆ ದೂರದ ಗ್ರಂಥಭಂಡಾರಗಳನ್ನು ಆಶ್ರಯಿಸಬೇಕಾಗಿತ್ತು. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ'ದ ಸಂಪುಟಗಳು ಈಗ ಅಂತರ್ಜಾಲದಲ್ಲಿ ಛಾಯಾಪ್ರತಿಗಳಾಗಿ ದೊರೆಯುತ್ತವೆ. ಅಷ್ಟೇ ಅಲ್ಲ, ಕೇಳಿದ ಪ್ರಶ್ನೆಗೆ ಕ್ಷಣಮಾತ್ರದಲ್ಲಿ ಉತ್ತರ ಹೇಳುವ ಕೃತಕ ಬುದ್ಧಿಮತ್ತೆಯ ಸಾಧನಗಳೂ ಬಂದಿವೆ. ಶಾಸ್ತ್ರದಾನವನ್ನು ಪರಮಪುಣ್ಯವೆಂದು ಬಗೆದ ಪರಂಪರೆಗೆ ಇದು ಸಂತೋಷದ ಸಂಗತಿಯೇ ಸರಿ.

ಆದರೆ ಒಂದು ತೊಡಕನ್ನು ಗಮನಿಸಬೇಕು. ಹೊನ್ನಾಳಿ, ಚನ್ನಗಿರಿಗಳ ಶಾಸನಗಳು 1902ರಲ್ಲಿ ಪ್ರಕಟವಾದ ಏಳನೆಯ ಸಂಪುಟದಲ್ಲಿ ಶಿವಮೊಗ್ಗ ಜಿಲ್ಲೆಯಡಿಯಲ್ಲಿಯೂ, ಜಗಳೂರಿನವು 1903ರ ಹನ್ನೊಂದನೆಯ ಸಂಪುಟದಲ್ಲಿ ಚಿತ್ರದುರ್ಗ ಜಿಲ್ಲೆಯಡಿಯಲ್ಲಿಯೂ ಇವೆ. ದಾವಣಗೆರೆ ಜಿಲ್ಲೆ ರೂಪುಗೊಂಡುದು 1997ರಲ್ಲಿ. ಹೊನ್ನಾಳಿಗೆ ಸೇರಿದ್ದ ನ್ಯಾಮತಿಯು ತಾಲ್ಲೂಕೆಂದು ಘೋಷಿತವಾದುದು 2017ರಲ್ಲಿ. ಇಂದಿನ ಹೆಸರುಗಳನ್ನೇ ಹಿಡಿದು ಹುಡುಕುವವನಿಗೆ ಇರುವ ಶಾಸನಗಳೂ ಇಲ್ಲವೆಂದು ತೋರಬಹುದು. ಯಂತ್ರವೋ, ಕಾಣದುದನ್ನು ಕಾಣೆನೆನ್ನದೆ, ಇಲ್ಲದ ಶಾಸನಸಂಖ್ಯೆಯೊಂದನ್ನು ಹೊಂದಿಸಿ ಹೇಳುವುದುಂಟು.

ಇದಕ್ಕೆ ಕಾರಣ ಯಂತ್ರದ ಸ್ವಭಾವದಲ್ಲಿಯೇ ಇದೆ. ತಾನು ಕಲಿತ ಬರಹಗಳಲ್ಲಿ ಹೆಚ್ಚು ಸಂಭವನೀಯವಾದುದನ್ನು ಅದು ಆಯುತ್ತದೆ. ಹೊಸಗನ್ನಡವನ್ನೇ ಹೆಚ್ಚಾಗಿ ಕಂಡ ಯಂತ್ರವು ಹಳಗನ್ನಡದ 'ಪಗಲ್' ಎಂಬುದನ್ನು 'ಹಗಲು' ಎಂದೂ, 'ೞ'ಕಾರವನ್ನು 'ಳ'ಕಾರವೆಂದೂ ತಿದ್ದಿಬಿಡುವ ಸಂಭವವಿದೆ. ಲಿಪಿಕಾರನ ಪ್ರಮಾದವು ಓಲೆಯ ಮೇಲೆ ಪ್ರಮಾದವಾಗಿಯೇ ಉಳಿಯುತ್ತದೆ. ಪಾಠಾಂತರವನ್ನು ಗುರುತಿಸಲು ಅದೇ ಆಧಾರ. ಸರಾಗವಾಗಿ ತಿದ್ದಿದ ಪಾಠದಲ್ಲಿ ತಿದ್ದಿದ ಗುರುತೇ ಅಳಿದುಹೋಗುತ್ತದೆ.

ಈ ವಿಷಯದಲ್ಲಿ ಧವಲೆಯ ಮುದ್ರಣದ ಇತಿಹಾಸವು ಮಾರ್ಗದರ್ಶಕವಾಗಿದೆ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಈ ಮಹಾಟೀಕೆಯ ತಾಡಪತ್ರಗಳು ಮೂಡಬಿದಿರೆಯಲ್ಲಿ ಕನ್ನಡ ಲಿಪಿಯಲ್ಲಿ ಉಳಿದುಬಂದವು. 1939ರಲ್ಲಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಹೊರಬಂದಾಗ ಆಧಾರವಾಗಿದ್ದುವು ಮೂಲದ ಓಲೆಗಳಲ್ಲ, ಪ್ರತಿಗಳ ಪ್ರತಿಗಳು. ಮಾನುಷಿಯರ ಗುಣಸ್ಥಾನಗಳನ್ನು ಹೇಳುವ 93ನೆಯ ಸೂತ್ರದಲ್ಲಿ 'ಸಂಜದ' ಎಂಬ ಪದವು ಆ ಪ್ರತಿಗಳಲ್ಲಿ ಇರಲಿಲ್ಲ. ಅರ್ಥಸಂಗತಿಯನ್ನು ವಿಚಾರಿಸಿದ ಸಂಪಾದಕರು ಅದು ಇರಬೇಕೆಂದು ಊಹಿಸಿದರು. ಆದರೆ ಆ ಊಹೆಯನ್ನು ಅಡಿಟಿಪ್ಪಣಿಯಲ್ಲಿ ಇರಿಸಿದರು. ಆ ಒಂದು ಪದವನ್ನು ಕುರಿತು ಪಂಡಿತರಲ್ಲಿ ಭಾವವೇದ, ದ್ರವ್ಯವೇದಗಳ ದೀರ್ಘ ವಾದವೇ ನಡೆಯಿತು. ಮುಂದೆ ಮೂಡಬಿದಿರೆಯ ಓಲೆಗಳನ್ನು ನೋಡಿದಾಗ 'ಸಂಜದ' ಅಲ್ಲಿ ಇದ್ದುದು ಕಂಡುಬಂದಿತು.

ಊಹೆ ನಿಜವಾಯಿತೆಂಬುದು ಇಲ್ಲಿ ಮುಖ್ಯವಲ್ಲ. ಓಲೆಯ ಸಾಕ್ಷ್ಯ ದೊರೆಯುವವರೆಗೂ ಅದು ಊಹೆಯೆಂದೇ ಓದುಗನಿಗೆ ತಿಳಿದಿತ್ತು ಎಂಬುದು ಮುಖ್ಯ. 2025ರ ಕೇಂದ್ರ ಮುಂಗಡಪತ್ರದಲ್ಲಿ ಘೋಷಿತವಾದ 'ಜ್ಞಾನ ಭಾರತಂ' ಯೋಜನೆಯು ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳ ಸಮೀಕ್ಷೆ, ದಾಖಲಾತಿ, ಸಂರಕ್ಷಣೆಗಳನ್ನು ಉದ್ದೇಶಿಸಿದೆ. ಇಷ್ಟೊಂದು ರಾಶಿಯನ್ನು ಓದಲು ಯಂತ್ರದ ನೆರವು ಅನಿವಾರ್ಯವಾದೀತು. ಆದುದರಿಂದ ಓಲೆಯ ಛಾಯಾಚಿತ್ರ, ಅಕ್ಷರಶಃ ಓದು, ತಿದ್ದುಪಡಿ ಈ ಮೂರನ್ನೂ ಬೇರೆಬೇರೆಯಾಗಿಯೇ ಇಡತಕ್ಕದ್ದು. ಹಸ್ತಪ್ರತಿಯ ಸಂಖ್ಯೆ, ಭಂಡಾರದ ಹೆಸರು, ಊರಿನ ಹಳೆಯ ಮತ್ತು ಹೊಸ ಆಡಳಿತ ವಿಭಾಗಗಳು ಜತೆಗಿರತಕ್ಕದ್ದು. ನ್ಯಾಮತಿಯ ವಿದ್ಯಾರ್ಥಿಯು ಯಂತ್ರ ಹೇಳಿದ ಪಾಠದಿಂದ ಹೊರಟು ಹೊನ್ನಾಳಿಯ ಶಾಸನಪುಟವನ್ನೂ, ಅಲ್ಲಿಂದ ಶಿಲೆಯನ್ನೂ ತಲುಪುವಂತಾದರೆ ಆ ಯಂತ್ರವು ಒಳ್ಳೆಯ ಲಿಪಿಕಾರನೆನಿಸುತ್ತದೆ. ಪಾಠವನ್ನು ನಿರ್ಣಯಿಸುವ ಹೊಣೆ ಮಾತ್ರ ಸಂಪಾದಕನದೇ.