ಎದೆಹಾಲಿನ ಮೇಲಿನ ದೂರು

ಕೂಸಿನ ಕೆನ್ನೆ ಕೆಂಪಾಗಿ, ಬಿರಿದು, ನೀರು ಒಸರತೊಡಗಿದರೆ ನಮ್ಮ ಮನೆಗಳಲ್ಲಿ ಮೊದಲು ವಿಚಾರಣೆಗೆ ಒಳಗಾಗುವುದು ಬಾಣಂತಿಯ ಊಟ. ಬದನೆಕಾಯಿ ತಿಂದೆಯಾ? ಮೀನು ಮುಟ್ಟಿದೆಯಾ? 'ನಂಜು' ಎಂಬ ಒಂದೇ ಪದದಲ್ಲಿ ತೀರ್ಪು ಹೊರಬೀಳುತ್ತದೆ. ಕಾಯಿಲೆಯ ಹೆಸರು ಇಸುಬು, ಇಂಗ್ಲಿಷಿನಲ್ಲಿ ಎಕ್ಸಿಮಾ. ರೋಗ ಮಗುವಿನದು, ಪಥ್ಯ ತಾಯಿಯದು. ಈ ಏರ್ಪಾಡು ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ಅದು ನಮ್ಮೊಬ್ಬರದೇ ಅಲ್ಲವೆಂದು ತಿಳಿಯುತ್ತದೆ.

ಚರಕ ಸಂಹಿತೆ ತುರಿಸಿ ಒಸರುವ 'ವಿಚರ್ಚಿಕಾ'ವನ್ನು ಹನ್ನೊಂದು ಕ್ಷುದ್ರ ಕುಷ್ಠಗಳಲ್ಲಿ ಸೇರಿಸುತ್ತದೆ. ಅದೇ ಗ್ರಂಥ ಬೇರೆಡೆ ಎದೆಹಾಲಿನ ಎಂಟು ದೋಷಗಳನ್ನು ಹೇಳಿ, ಹಾಲನ್ನು ಶುದ್ಧಿಮಾಡುವ ಹತ್ತು ಮೂಲಿಕೆಗಳನ್ನೂ ಪಟ್ಟಿ ಮಾಡುತ್ತದೆ. ಅದರಲ್ಲಿ ಶುಂಠಿ, ದೇವದಾರು, ಅಮೃತಬಳ್ಳಿ ಇವೆ. ಕಷಾಯ ಕುಡಿಯಬೇಕಾದವಳು ಹಾಲೂಡುವವಳು. ಮಕ್ಕಳ ವೈದ್ಯಕ್ಕೇ ಮೀಸಲಾದ ಕಾಶ್ಯಪ ಸಂಹಿತೆಯಲ್ಲೂ ದಾದಿಯ ಹಾಲಿನ ಪರೀಕ್ಷೆಗೆ ದೊಡ್ಡ ಜಾಗವಿದೆ.

ಯುರೋಪಿನಲ್ಲಿ ಶಿಶುಗಳ ಇಸುಬಿಗೆ 'ಕ್ರಸ್ಟಾ ಲ್ಯಾಕ್ಟಿಯಾ', ಅಂದರೆ ಹಾಲಿನ ಹೆಕ್ಕಳೆ, ಎಂಬ ಹೆಸರಿತ್ತು. ಹೆಸರು ಹುಟ್ಟಿದ್ದು ಪಾತ್ರೆಯ ತಳಕ್ಕೆ ಹತ್ತಿದ ಹಾಲಿನ ಹೋಲಿಕೆಯಿಂದ. ಆದರೆ ದೂರು ಹೋಗಿ ನಿಂತದ್ದು ತಾಯಿಯ ಅಥವಾ ದಾದಿಯ ಹಾಲಿನ ಮೇಲೆ. 18ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಮೈನ್ಜ್ ನಗರದ ವೈದ್ಯ ಕಾರ್ಲ್ ಸ್ಟ್ರಾಕ್ ಹಳ್ಳಿಗಾಡಿನ ಒಂದು ಕಾಡುಹೂವಿನ ಗಿಡವನ್ನು (ಸಸ್ಯಶಾಸ್ತ್ರದ ಹೆಸರು ವಯೋಲಾ ಟ್ರೈಕಲರ್) ಹಾಲಿನಲ್ಲಿ ಕುದಿಸಿ ಕುಡಿಸಲು ಹೇಳಿ ಹೆಸರು ಮಾಡಿದ. ಮನೆಮದ್ದು ಪಂಡಿತರ ಪುಸ್ತಕಕ್ಕೆ ಹತ್ತಿದ ಅಪರೂಪದ ಪ್ರಸಂಗ ಇದು.

ಇದಕ್ಕಿಂತ ನನ್ನನ್ನು ಕಾಡುವುದು ಆ ಕಾಲದ ಒಂದು ಭಯ. ಹೆಕ್ಕಳೆಯನ್ನು ಒಣಗಿಸಬಾರದು, ಒಣಗಿಸಿದರೆ ಕೆಟ್ಟ ರಸ ಒಳಕ್ಕೆ ತಿರುಗಿ ಮಿದುಳಿಗೋ ಶ್ವಾಸಕೋಶಕ್ಕೋ ಇಳಿಯುತ್ತದೆ ಎಂದು 19ನೇ ಶತಮಾನದಲ್ಲೂ ಅನೇಕ ವೈದ್ಯರು ನಂಬಿದ್ದರು. ಹೀಗಾಗಿ ರಾತ್ರಿಯಿಡೀ ಪರಚಿಕೊಳ್ಳುವ ಮಗುವಿನ ಎದುರು ಏನೂ ಮಾಡದೆ ಕೂರುವುದೇ ವಿವೇಕವೆನಿಸಿತ್ತು. 'ನಂಜು ಹೊರಗೆ ಬರಲಿ, ತಡೆಯಬೇಡ' ಎನ್ನುವ ನಮ್ಮ ಹಿರಿಯರ ಮಾತಿಗೂ ಇದಕ್ಕೂ ಎಷ್ಟು ಹತ್ತಿರ!

ಈ ಭಯವನ್ನು ಅಲುಗಾಡಿಸಿದವನು ವಿಯೆನ್ನಾದ ಫರ್ಡಿನಂಡ್ ಹೆಬ್ರಾ (1816-1880). ಚರ್ಮವನ್ನು ಕೆರಳಿಸುವ ಜಾಪಾಳದ ಎಣ್ಣೆ ಹಚ್ಚಿ ಇಸುಬನ್ನು ಹೊರಗಿನಿಂದಲೇ ಬರಿಸಬಹುದೆಂದು ಆತ ತೋರಿಸಿದ. ಚರ್ಮದಲ್ಲಿ ಹುಟ್ಟಿದ್ದಕ್ಕೆ ಚರ್ಮದ ಮೇಲೇ ಮದ್ದು ಎಂದ. ಹಾಲಿನ ಮೇಲಿನ ಮೊಕದ್ದಮೆ ಅಲ್ಲಿಗೇ ಸಡಿಲವಾಗಬೇಕಿತ್ತು. ಆದರೆ ಅವನ ಹೆಸರಾಂತ ಮುಲಾಮನ್ನು ಆಲಿವ್ ಎಣ್ಣೆಯಲ್ಲಿ ಸೀಸದ ಆಕ್ಸೈಡನ್ನು ಬೇಯಿಸಿ ಮಾಡುತ್ತಿದ್ದರು. ಅದನ್ನು ಎಳೆಯ ಮಕ್ಕಳಿಗೂ ಬಳಿದರು. ಮನೆಮದ್ದನ್ನು ಅಂಧಶ್ರದ್ಧೆ ಎಂದು ಜರೆಯುವವರು ಈ ಸೀಸದ ಕಥೆಯನ್ನು ಬದಿಗೆ ಸರಿಸುವಂತಿಲ್ಲ. ಸ್ಟೀರಾಯ್ಡ್ ಮುಲಾಮು ಬಂದದ್ದು ಬಹಳ ತಡವಾಗಿ, 1952ರಲ್ಲಿ.

2006ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ಅರ್ವಿನ್ ಮೆಕ್ಲೀನ್ ಮತ್ತು ಸಂಗಡಿಗರು ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನಿನಲ್ಲಿ ದೋಷವಿರುವ ಮಕ್ಕಳಿಗೆ ಇಸುಬು ಹೆಚ್ಚು ಬರುತ್ತದೆಂದು ತೋರಿಸಿದರು. ಚರ್ಮವೆಂಬ ಗೋಡೆಗೆ ಗಾರೆ ಸಾಲದು, ನೀರು ಆರಿಹೋಗುತ್ತದೆ, ಹೊರಗಿನದು ನುಗ್ಗುತ್ತದೆ. ಎಲ್ಲ ಮಕ್ಕಳ ಕಥೆ ಇಷ್ಟೇ ಅಲ್ಲ. ಆದರೂ ಗೋಡೆಯ ಬಿರುಕಿಗೆ ಜಿಡ್ಡು ಬೇಕು ಎಂಬುದು ಮಾತ್ರ ಗಟ್ಟಿ. ಮೀಯಿಸಿದ ಮೇಲೆ ಕೂಸಿಗೆ ತೆಂಗಿನೆಣ್ಣೆ ಸವರುತ್ತಿದ್ದ ಅಜ್ಜಿಯರು ಯಾವ ಸಿದ್ಧಾಂತವನ್ನೂ ಹೇಳಿರಲಿಲ್ಲ. 2014ರಲ್ಲಿ ಪ್ರಕಟವಾದ ಫಿಲಿಪ್ಪೀನ್ಸಿನ ಅಧ್ಯಯನವೊಂದರಲ್ಲಿ ಎಂಟು ವಾರ ತೆಂಗಿನೆಣ್ಣೆ ಹಚ್ಚಿದ ಮಕ್ಕಳು ಖನಿಜ ತೈಲ ಹಚ್ಚಿದವರಿಗಿಂತ ಹೆಚ್ಚು ಸುಧಾರಿಸಿದರು. ಎಣ್ಣೆಯೊಳಗೆ ಯಾವ ಸೊಪ್ಪು ಕಾಯಿಸಿದರು ಎನ್ನುವುದಕ್ಕಿಂತ ಎಣ್ಣೆಯೇ ಕೆಲಸ ಮಾಡುತ್ತಿತ್ತೇನೋ ಎಂದು ನನ್ನ ಅನುಮಾನ.

ಹಾಗೆಂದು ಅಡುಗೆಮನೆಯ ಎಲ್ಲವೂ ಕ್ಷೇಮವಲ್ಲ. ಆಲಿವ್ ಎಣ್ಣೆ ಚರ್ಮದ ತಡೆಗೋಡೆಯನ್ನು ಸಡಿಲಿಸುತ್ತದೆಂದು ಇಂಗ್ಲೆಂಡಿನ ಶೆಫೀಲ್ಡ್‌ನ ಸಂಶೋಧಕರು 2013ರಲ್ಲಿ ಕಂಡರು. ಅದಕ್ಕೂ ಹತ್ತು ವರ್ಷ ಮೊದಲೇ ಗಿಡಿಯನ್ ಲ್ಯಾಕ್ ತಂಡ, ಕೆರಳಿದ ಚರ್ಮಕ್ಕೆ ಕಡಲೆಕಾಯಿ ಎಣ್ಣೆಯುಳ್ಳ ಕ್ರೀಮ್ ಹಚ್ಚಿದ ಮಕ್ಕಳಲ್ಲಿ ಕಡಲೆಕಾಯಿ ಅಲರ್ಜಿ ಹೆಚ್ಚೆಂದು ವರದಿ ಮಾಡಿತ್ತು. ಹೊಟ್ಟೆಯ ಮೂಲಕ ಪರಿಚಯವಾಗಬೇಕಾದ ಆಹಾರ ಬಿರಿದ ಚರ್ಮದ ಮೂಲಕ ಒಳಬಂದರೆ ದೇಹ ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳಬಹುದು. ಒಸರುವ ಕೆನ್ನೆಗೆ ಕಡಲೆಹಿಟ್ಟು, ಹಾಲಿನ ಕೆನೆ ತಿಕ್ಕುವ ಮುನ್ನ ಇದನ್ನು ನೆನೆಯಬೇಕು. ಹಳದಿ ಹೆಕ್ಕಳೆ ಕಟ್ಟಿ ಜ್ವರ ಬಂದರಂತೂ ಎಣ್ಣೆಯ ಬಟ್ಟಲು ಕೆಳಗಿಟ್ಟು ವೈದ್ಯರ ಬಳಿ ಓಡಬೇಕು.

ತಾಯಂದಿರ ಪಥ್ಯದ ಬಗೆಗೂ ಪ್ರಯೋಗಗಳು ನಡೆದಿವೆ. ಹಾಲು, ಮೊಟ್ಟೆ ಬಿಡಿಸಿ ನೋಡಿದ ಅಧ್ಯಯನಗಳನ್ನು ಒಟ್ಟುಗೂಡಿಸಿದ 2012ರ ಕಾಕ್ರೇನ್ ವಿಮರ್ಶೆಗೆ, ಅದರಿಂದ ಮಕ್ಕಳ ಇಸುಬು ತಪ್ಪುತ್ತದೆನ್ನಲು ಗಟ್ಟಿ ಆಧಾರ ಸಿಗಲಿಲ್ಲ. ಸರಿಯಾಗಿ ಉಣ್ಣದ ತಾಯಿಗೆ ಪೋಷಣೆ ತಗ್ಗುವ ಅಪಾಯವನ್ನೂ ಅದು ಗುರುತಿಸಿತು. ಬದನೆಕಾಯಿಯನ್ನು ಮಾತ್ರ ಈ ಪ್ರಯೋಗಗಳಲ್ಲಿ ಯಾರೂ ವಿಚಾರಿಸಿದಂತಿಲ್ಲ.