ಮೊದಲ ಸಲ ಮೀಡ್ ಮಾಡ್ಬೇಕು ಅನ್ನೋರಿಗೆ: ಆ ಭರಣಿಯ ಹಿಂದಿನ ಕತೆ

1/7 🍯
ಮೀಡ್ ಅಂದ್ರೆ ಜೇನುತುಪ್ಪಕ್ಕೆ ನೀರು ಬೆರೆಸಿ ಹುದುಗಿಸಿದ ಮದ್ಯ. ಈಗ ರೀಲ್ಸ್ ತೆಗೆದ್ರೆ ಸಾಕು: ಗಾಜಿನ ಭರಣಿ, ಜೇನು, ಬುಳುಬುಳು ಗುಳ್ಳಿ, ಕೆಳಗೆ "ಇದು ನಮ್ಮ ವೇದಕಾಲದ ಪಾನೀಯ" ಅನ್ನೋ ಸಾಲು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹುಡುಗರು ಕೇಳೋದು ಎರಡೇ ಪ್ರಶ್ನೆ: "ಇದು ನಮ್ಮ ಕಡೆ ಇತ್ತೇನ್ರೀ? ಮನ್ಯಾಗ ಮಾಡಬಹುದೇನ್ರೀ?" ಎರಡಕ್ಕೂ ಉತ್ತರ ಐತಿ. ಆದ್ರೆ ರೀಲ್ಸ್ ಹೇಳುವಷ್ಟು ಸರಳ ಇಲ್ಲ. ಸ್ವೈಪ್ ಮಾಡ್ರಿ 👉

2/7 📜 ಮೊದಲು ಆ ಶಬ್ದ
ಇಂಗ್ಲಿಷಿನ ಮೀಡ್, ಸಂಸ್ಕೃತದ ಮಧು ಎರಡೂ ಒಂದೇ ಬೇರಿನ ಮಾತುಗಳು. ಇದು ನಿಜ. ಆದರೆ ಹಳೇ ಪುಸ್ತಕದಾಗ "ಮಧು" ಕಂಡ ಕೂಡಲೇ ಅದು ಜೇನಿನ ಮದ್ಯ ಅಂತ ಹಿಗ್ಗಬ್ಯಾಡ್ರಿ. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ ಆರು ಬಗೆಯ ಮದ್ಯಗಳಿವೆ: ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು. ಅಲ್ಲಿ ಮಧು ಅಂದ್ರೆ ದ್ರಾಕ್ಷಿ ರಸದ್ದು! ಜೇನು ಬರೋದು ಆಸವದಾಗ, ಅದೂ ಸ್ವಲ್ಪೇ ಸ್ವಲ್ಪ.
ಕನ್ನಡದಲ್ಲೂ ಹಿಂಗೇ. ಮಹಾಕಾವ್ಯ ಅಂದ್ಮೇಲೆ ಹದಿನೆಂಟು ವರ್ಣನೆ ಇರಬೇಕು, ಅದರಲ್ಲಿ ಮಧುಪಾನವೂ ಒಂದು. ಪಕ್ಕದ ಅಣ್ಣಿಗೇರಿ ನಂಟಿನ ಪಂಪನೂ 10ನೇ ಶತಮಾನದಲ್ಲಿ ತನ್ನ ವಿಕ್ರಮಾರ್ಜುನ ವಿಜಯದಾಗ ಕುಡಿಯೋರನ್ನ ವರ್ಣಿಸಿದ್ದಾನೆ. ಇದು ಕಾವ್ಯದ ಪದ್ಧತಿ. ಇದನ್ನ ಹಿಡ್ಕೊಂಡು ಮನೆಮನೆಯಲ್ಲಿ ಜೇನಿನ ಮದ್ಯ ಇತ್ತು ಅನ್ನೋಕಾಗಲ್ಲ.

3/7 🏺 ಹಂಗಾದ್ರೆ ಎಲ್ಲಿತ್ತು? ವೈದ್ಯರ ಹತ್ರ
ಚರಕಸಂಹಿತೆಯ ಪ್ರಮೇಹ ಚಿಕಿತ್ಸೆಯ ಅಧ್ಯಾಯದಲ್ಲಿ "ಮಧ್ವಾಸವ" ಅಂತ ಒಂದು ಔಷಧ ಇದೆ. ಲೋಧ್ರ ಮೊದಲಾದ ಮೂಲಿಕೆಗಳನ್ನು ನೀರಲ್ಲಿ ಕುದಿಸಿ ಕಾಲು ಭಾಗಕ್ಕೆ ಇಳಿಸಬೇಕು, ಸೋಸಬೇಕು, ಆ ಕಷಾಯದ ಅರ್ಧದಷ್ಟು ಜೇನು ಬೆರೆಸಬೇಕು, ತುಪ್ಪ ಸವರಿದ ಪಾತ್ರೆಯಲ್ಲಿ ಒಂದು ಪಕ್ಷ ಇಡಬೇಕು. ಜೇನು, ನೀರು, ಮುಚ್ಚಿದ ಗಡಿಗೆ, ಹದಿನೈದು ದಿನ. ಮೀಡಿನ ಹತ್ತಿರದ ಸಂಬಂಧಿ ಸಿಕ್ಕಿದ್ದು ಇಲ್ಲೇ ನೋಡ್ರಿ. ಆದ್ರೆ ಅದು ಮದ್ದು, ಅಳತೆ ಮಾಡಿ ಕೊಡುವಂಥದ್ದು. ಲೋಟಗಟ್ಟಲೆ ಕುಡಿಯೋದಲ್ಲ.

4/7 🫧 ಗಡಿಗ್ಯಾಗ ಏನಾಗ್ತದ?
ಜೇನಿನಲ್ಲಿ ಸುಮಾರು ನೂರಕ್ಕೆ ಎಂಬತ್ತು ಭಾಗ ಸಕ್ಕರೆ. ನೀರು ಕಡಿಮೆ, ಅದಕ್ಕೇ ಅದು ವರ್ಷಗಟ್ಟಲೆ ಕೆಡಲ್ಲ. ನೀರು ಬೆರೆತ ಕೂಡಲೇ ಯೀಸ್ಟ್ ಎದ್ದು ಕೂತು ಸಕ್ಕರೆ ತಿಂದು ಆಲ್ಕೋಹಾಲ್, ಗ್ಯಾಸು ಮಾಡ್ತದೆ. ಗ್ಯಾಸಿಗೆ ದಾರಿ ಬಿಡದೇ ಬಿಗಿಯಾಗಿ ಮುಚ್ಚಿದ್ರೆ ಭರಣಿ ಸಿಡೀತದೆ. ಈ ಕೆಲಸ ಜೀವಂತ ಯೀಸ್ಟಿನದು ಅಂತ ಲೂಯಿ ಪಾಶ್ಚರ್ ತೋರಿಸಿದ್ದು 1850ರ ದಶಕದ ಕೊನೆಗೆ.
ಹೊಸಬರು ಸಾಮಾನ್ಯವಾಗಿ ಒಂದು ಪಾಲು ಜೇನಿಗೆ ಮೂರ್ನಾಲ್ಕು ಪಾಲು ನೀರು ಅಂತಾರೆ. ಚರಕನ ಲೆಕ್ಕ ಎರಡು ಪಾಲು ಕಷಾಯಕ್ಕೆ ಒಂದು ಪಾಲು ಜೇನು. ಅಷ್ಟು ಸಿಹಿಯಲ್ಲಿ ಯೀಸ್ಟಿಗೇ ಉಸಿರು ಕಟ್ಟತದ. ಹದಿನೈದು ದಿನಕ್ಕೆ ಸಿಹಿ ಬಹಳ, ಅಮಲು ಕಡಿಮೆ ಉಳೀತದೆ. ಮದ್ದಿಗೆ ಅದೇ ಸರಿ. ಜೇನಿನಲ್ಲಿ ಯೀಸ್ಟಿಗೆ ಬೇಕಾದ ಸಾರಜನಕವೂ ಕಮ್ಮಿ, ಹಂಗಾಗಿ ಬೆಲ್ಲದಷ್ಟು ಚುರುಕಾಗಿ ಹುದುಗಲ್ಲ. ಬೇರೆ ಆಸವಗಳಿಗೆ ನಮ್ಮ ವೈದ್ಯರು ಧಾತಕಿ ಹೂ ಹಾಕ್ತಿದ್ದದ್ದು ಸುಮ್ನೆ ಅಲ್ಲ: ಆ ಹೂವಿನ ಮೇಲೆ ಕಾಡು ಯೀಸ್ಟ್ ಇರ್ತದೆ.

5/7 🛕 ಸವದತ್ತಿ ಕಡೆಯ ಮಾತು
ಇಂದಿನ ಸವದತ್ತಿ ಅಂದ್ರೆ ರಟ್ಟರ ಸುಗಂಧವರ್ತಿ. 980ರ ಶಾಸನದ ಪ್ರಕಾರ ರಟ್ಟರ ಶಾಂತಿವರ್ಮ ಇಲ್ಲಿ ಜಿನಾಲಯ ಕಟ್ಟಿಸಿ ದತ್ತಿ ಬಿಟ್ಟ. ಈಗ ಸಮಂತಭದ್ರರ ರತ್ನಕರಂಡ ಶ್ರಾವಕಾಚಾರ ತೆಗೀರಿ. ಜೈನ ಗೃಹಸ್ಥ ಬಿಡಬೇಕಾದ ಮೂರು "ಮ": ಮದ್ಯ, ಮಾಂಸ, ಮಧು. ಇಲ್ಲಿ ಮಧು ಅಂದ್ರೆ ಜೇನೇ. ಗೂಡು ಹಿಂಡಿದ್ರೆ ಹುಳ ಸಾಯ್ತಾವಲ್ಲ, ಅದಕ್ಕೆ. ಅಂದ್ರೆ ಜೇನಿನ ಮದ್ಯ ಎರಡು ಸಲ ನಿಷಿದ್ಧ!
ಆಮೇಲೆ 12ನೇ ಶತಮಾನದ ಶರಣರು. ಹೆಂಡದ ಮಾರಯ್ಯನ ಕಾಯಕ ಹೆಂಡ ಮಾರೋದು, ಅಂಕಿತ "ಧರ್ಮೇಶ್ವರಲಿಂಗ". ಹೆಂಡದ ಮಾತನ್ನೇ ಅನುಭಾವಕ್ಕೆ ತಿರುಗಿಸಿದವ. ಕಲ್ಯಾಣ ಬಿಟ್ಟ ಶರಣರು ಉಳವಿಗೆ ಹೋದ ದಾರಿ ಇದೇ ಸೀಮೆಯದು ಅಂತ ಪರಂಪರೆ ಹೇಳ್ತದೆ, ಎಂ.ಕೆ. ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯ ಐಕ್ಯಸ್ಥಳ ಈಗಲೂ ಇದೆ.
ಧರ್ಮದ ಜೊತೆ ದುಡ್ಡಿನ ಲೆಕ್ಕವೂ ಇತ್ತು. ಎರೆಹೊಲದ ಸೀಮ್ಯಾಗ ಜೇನು ಎಲ್ಲಿಂದ ಬರಬೇಕು? ಕಿತ್ತೂರಿನ ಪಡುವಣ ಕಾಡಂಚು, ಬಂಡೆ, ಎತ್ತರದ ಮರ. ಪೆಟ್ಟಿಗೆ ಜೇನು ಬರೋ ತನಕ ಅದು ಜೀವ ಕೈಯಲ್ಲಿ ಹಿಡಿದು ತರೋ ಸರಕು. ಅಮಲಿಗೆ ಈಚಲು, ಬೆಲ್ಲ ಇದ್ವು. ತುಟ್ಟಿ ಜೇನನ್ನು ಗಡಿಗೆಗೆ ಸುರಿಯೋರು ಯಾರ್ರೀ?

6/7 ⚖️ ಕಾನೂನು
ಕಿತ್ತೂರು 1824ರ ಯುದ್ಧದ ನಂತರ ಕಂಪನಿ ಕೈಗೆ ಹೋಯ್ತು. ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತ್ಯದಾಗಿತ್ತು. 1878ರ ಬಾಂಬೆ ಅಬಕಾರಿ ಕಾಯ್ದೆಯಿಂದ ಮದ್ಯ ಮಾಡೋದು, ಮಾರೋದು ಸರ್ಕಾರದ ಪರವಾನಗಿಯ ವಿಷಯ ಆಯ್ತು. ರಾಮದುರ್ಗ ಮಾತ್ರ 1948ರ ತನಕ ಭಾವೆ ಮನೆತನದ ಸಂಸ್ಥಾನ. 1949ರಲ್ಲಿ ಬಾಂಬೆ ಪಾನನಿಷೇಧ ಕಾಯ್ದೆ. 1956ರಲ್ಲಿ ಈ ಜಿಲ್ಲೆ ಮೈಸೂರು ರಾಜ್ಯಕ್ಕೆ. ಈಗ ಇರೋದು 1965ರ ಕರ್ನಾಟಕ ಅಬಕಾರಿ ಕಾಯ್ದೆ: ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು ಅಪರಾಧ. "ಒಂದೇ ಭರಣಿ ರೀ, ನನಗಷ್ಟೇ ರೀ" ಅಂದ್ರೂ ತಯಾರಿಕೆ ತಯಾರಿಕೆನೇ. ರೀಲ್ಸ್ ಈ ಮಾತು ಹೇಳಲ್ಲ, ಕೇಸ್ ಬೀಳೋದು ಮಾತ್ರ ನಿಮ್ಮ ಮ್ಯಾಲ.

7/7 ✅ ಹಂಗಾದ್ರೆ ಉತ್ತರ?
ನಮ್ಮ ಕಡೆ ಇತ್ತಾ? ಶಬ್ದ ಇತ್ತು, ಕಾವ್ಯದಾಗ ಇತ್ತು, ವೈದ್ಯಗ್ರಂಥದಾಗ ವಿಧಾನವೇ ಇತ್ತು. ಆದ್ರೆ ಇಥಿಯೋಪಿಯಾದ "ತೆಜ್" ಥರ ಮನೆಮನೆಯ ಜೇನಿನ ಮದ್ಯ ಇತ್ತು ಅನ್ನೋಕೆ ಮೇಲಿನ ಯಾವುದೂ ಸಾಕ್ಷಿ ಆಗಲ್ಲ. ಮನ್ಯಾಗ ಮಾಡಬಹುದಾ? ಲೈಸೆನ್ಸ್ ಇಲ್ಲದೆ ಇಲ್ಲ. ಕಲಿಯೋ ಹುಕಿ ಇದ್ರೆ ಲೈಸೆನ್ಸ್ ಪಡೆದ ಮೀಡರಿಗಳು ಪಕ್ಕದ ಮಹಾರಾಷ್ಟ್ರದ ಪುಣೆ, ನಾಶಿಕದಾಗ ಅದಾವ, ಹೋಗಿ ನೋಡ್ರಿ.
ಹುದುಗಿಸೋ ವಿದ್ಯೆ ಬೇಕಂದ್ರೆ ಮನ್ಯಾಗ ಅಜ್ಜಿ ಇದ್ದಾಳಲ್ಲ, ಜೋಳದ ಹುಳಿ ಅಂಬಲಿ ಹೆಂಗ್ ಮಾಡ್ತಿದ್ಲು ಕೇಳ್ರಿ. ಅದಕ್ಕೆ ಯಾರ ಪರವಾನಗಿನೂ ಬೇಡ.

ನಿಮ್ಮೂರಾಗ ಜೇನು ಬಿಡಿಸೋ ಮನೆತನ ಇದ್ರೆ, ಹಳೇ ಅಂಬಲಿ ಗಡಿಗಿ ಉಳಿದಿದ್ರೆ ಕಾಮೆಂಟ್‌ನಲ್ಲಿ ಬರೀರಿ. ಸೇವ್ ಮಾಡ್ಕೊಳ್ರಿ, "ವೇದಕಾಲದ ಪಾನೀಯ" ಅನ್ನೋ ದೋಸ್ತಗ ಕಳಸ್ರಿ 🙏

#ಬೈಲಹೊಂಗಲ #ಕಿತ್ತೂರು #ಸವದತ್ತಿ #ರಾಮದುರ್ಗ #ನಮ್ಮಇತಿಹಾಸ #ಜೇನು #ಉತ್ತರಕರ್ನಾಟಕ