ದಕ್ಷಿಣ ಬೆಂಗಳೂರಿನ ಕರಾವಳಿ ಹೋಟೆಲ್ ಕುಟುಂಬಗಳು

ಉಡುಪಿ–ಕುಂದಾಪುರ ಸೀಮೆಯಿಂದ ಘಟ್ಟ ಹತ್ತಿ ಬಂದ ಕುಟುಂಬಗಳು 20ನೆಯ ಶತಮಾನದಲ್ಲಿ ಲಾಲ್‌ಬಾಗ್, ಬಸವನಗುಡಿ, ಜಯನಗರಗಳಲ್ಲಿ ಕಟ್ಟಿ ಬೆಳೆಸಿದ ಸಸ್ಯಾಹಾರಿ ಹೋಟೆಲ್ ಉದ್ಯಮದ ಇತಿಹಾಸವಿದು. ಇಂದು ಇದು ಒಂದೇ ರಾಜ್ಯದೊಳಗಿನ ಓಡಾಟದಂತೆ ಕಾಣುತ್ತದೆ. ಆದರೆ 1956ರ ನವೆಂಬರ್ 1ರವರೆಗೆ, ಉಡುಪಿ–ಕುಂದಾಪುರಗಳನ್ನೂ ಒಳಗೊಂಡಿದ್ದ ಅಂದಿನ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು, ಬೆಂಗಳೂರು ಮೈಸೂರಿಗೆ. ಭಾಷೆ ಒಂದೇ ಆದರೂ ಮೊದಲು ಬಂದವರು ಪರರಾಜ್ಯಕ್ಕೇ ಬಂದವರು.

ಪಾರಂಪಳ್ಳಿಯ ಪರಮೇಶ್ವರ ಮಯ್ಯ ಸೋದರರು 1924ರಲ್ಲಿ ಲಾಲ್‌ಬಾಗ್ ಬಳಿ ‘ಬ್ರಾಹ್ಮಿನ್ ಕಾಫಿ ಕ್ಲಬ್’ ತೆರೆದರು. ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ (ಎಂಟಿಆರ್) ಆದದ್ದು ಇದೇ. ಗಾಂಧಿ ಬಜಾರಿನಲ್ಲಿ 1943ರಲ್ಲಿ ವೆಂಕಟರಮಣ ಉರಾಳರು ವಿದ್ಯಾರ್ಥಿ ಭವನ ಆರಂಭಿಸಿದರು. 1970ರಲ್ಲಿ ಅದನ್ನು ರಾಮಕೃಷ್ಣ ಅಡಿಗರು ವಹಿಸಿಕೊಂಡರು. ದೋಸೆಯ ತಟ್ಟೆಗಳನ್ನು ಮಣಿಕಟ್ಟಿನಿಂದ ಭುಜದವರೆಗೆ ಒಂದರ ಮೇಲೊಂದು ಜೋಡಿಸಿಕೊಂಡು, ಒಂದೂ ಜಾರದಂತೆ ಸಪ್ಲಯರ್ ಮೇಜುಗಳ ನಡುವೆ ನುಸುಳಿ ಬರುವುದನ್ನು ಇಲ್ಲಿ ಈಗಲೂ ನೋಡಬಹುದು.

ಬಂಡವಾಳಕ್ಕಿಂತ ನೆಂಟಸ್ತಿಕೆಯೇ ಈ ಉದ್ಯಮವನ್ನು ಬೆಳೆಸಿತು. ಊರಿನಿಂದ ಬಂದ ಹುಡುಗ ಲೋಟ ತೊಳೆದು, ಮಾಣಿಯಾಗಿ, ಒಲೆಯ ಮುಂದೆ ನಿಂತು, ಕೊನೆಗೆ ಗಲ್ಲಾದಲ್ಲಿ ಕೂರುತ್ತಿದ್ದ. ಆಮೇಲೆ ಪಾಲುದಾರಿಕೆಯಲ್ಲಿ ಬೇರೆ ಹೋಟೆಲು. ಇಟಲಿಯ ಬಾರ್ದಿ ಎಂಬ ಬೆಟ್ಟದೂರಿನವರು 19ನೆಯ ಶತಮಾನದ ಕೊನೆಯಿಂದ ವೇಲ್ಸ್‌ನ ಕಲ್ಲಿದ್ದಲು ಕಣಿವೆಗಳಲ್ಲಿ ಕಾಫಿ, ಐಸ್‌ಕ್ರೀಂ ಅಂಗಡಿಗಳನ್ನು ಇಟ್ಟದ್ದೂ ಹೀಗೆಯೇ, ಊರ ಹುಡುಗರನ್ನು ಕರೆಸಿಕೊಂಡು. 1974ರ ಭೂಸುಧಾರಣೆಯಲ್ಲಿ ಗೇಣಿ ಜಮೀನು ಕಳೆದುಕೊಂಡ ಮನೆಗಳಿಂದಲೂ ಅನೇಕರು ಹೋಟೆಲ್ ಹಾದಿ ಹಿಡಿದರು.

ಹೊಸತು ಹುಟ್ಟಿದ್ದೆಲ್ಲ ಅಡಚಣೆಯಲ್ಲೇ ಎನ್ನಬಹುದು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಅಕ್ಕಿ ಸಿಗದಾದಾಗ ರವೆ ಇಡ್ಲಿ ಮಾಡಿದೆವೆಂದು ಎಂಟಿಆರ್ ಹೇಳಿಕೊಳ್ಳುತ್ತದೆ. ತುರ್ತು ಪರಿಸ್ಥಿತಿಯಲ್ಲಿ ಸರಕಾರ ತಿಂಡಿಯ ದರಕ್ಕೆ ಮಿತಿ ಹಾಕಿದಾಗ ಅದೇ ಹೋಟೆಲು ನಷ್ಟ ತಾಳಲಾರದೆ ಕೆಲಕಾಲ ಬಾಗಿಲು ಹಾಕಿತು. ಕೆಲಸಗಾರರನ್ನು ಕೈಬಿಡದೆ ತಿಂಡಿಗಳ ಸಿದ್ಧ ಮಿಶ್ರಣವನ್ನು ಪೊಟ್ಟಣ ಕಟ್ಟಿ ಮಾರತೊಡಗಿತು. ಗುಣಮಟ್ಟ ತಗ್ಗಿಸಿ ಅಗ್ಗಕ್ಕೆ ಬಡಿಸುವ ದಾರಿಯೂ ಇತ್ತು, ಅದನ್ನು ಹಿಡಿಯಲಿಲ್ಲ ಎಂಬುದೇ ದೊಡ್ಡ ಮಾತು.

ಜಯನಗರಕ್ಕೆ 1948ರಲ್ಲಿ ಅಡಿಗಲ್ಲು ಬಿತ್ತು. ಬಡಾವಣೆ ಬೆಳೆದಂತೆ ಜಾಗದ ಬಾಡಿಗೆಯೂ ಏರಿತು. 1983ರಲ್ಲಿ ಆರ್. ಪ್ರಭಾಕರ್ ಇಲ್ಲಿ ತೆರೆದ ಕೆಫೆ ದರ್ಶಿನಿಯಲ್ಲಿ ಕುರ್ಚಿಯಿರಲಿಲ್ಲ: ಟೋಕನ್ ಕೊಳ್ಳಬೇಕು, ತಟ್ಟೆ ತಾನೇ ತರಬೇಕು, ನಿಂತು ತಿನ್ನಬೇಕು. ಬೆಲೆ ಕಡಿಮೆ, ಅಡುಗೆ ಕಣ್ಣೆದುರಿಗೇ. ಈ ಮಾದರಿ ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಬಡಾವಣೆಗೆ ಬೇಗನೆ ಹರಡಿತು, ಕರಾವಳಿಯವರಲ್ಲದವರೂ ಕೈಹಾಕಿದರು. ಕೂತು ಹರಟುವ ಹಳೆಯ ಹೋಟೆಲಿನ ಸುಖವನ್ನು ಅದು ಕಸಿದುಕೊಂಡಿತು ಎಂಬ ಹಿರಿಯರ ದೂರಿನಲ್ಲಿ ಹುರುಳಿಲ್ಲದಿಲ್ಲ.



ಎಂಟಿಆರ್ ಪೊಟ್ಟಣಗಳ ಉದ್ಯಮವನ್ನು 2007ರಲ್ಲಿ ನಾರ್ವೆಯ ಒರ್ಕ್ಲಾ ಕಂಪನಿ ಕೊಂಡಿತು. ಲಾಲ್‌ಬಾಗ್ ರಸ್ತೆಯ ಹೋಟೆಲು ಮಾತ್ರ ಮಯ್ಯ ಕುಟುಂಬದಲ್ಲೇ ಉಳಿದಿದ್ದು, 2013ರಲ್ಲಿ ಸಿಂಗಪುರದಲ್ಲೂ ಶಾಖೆ ತೆರೆಯಿತು.